ನೋವನ್ನು ನುಂಗದಿರಿ, ನುಡಿಯಿರಿ

ಸಹನೆ ದೊಡ್ಡ ಗುಣ. ಬಂದದ್ದನ್ನು ಬಾಯಿಬಿಡದೆ ಉಣ್ಣಬೇಕೆಂಬ ನಡೆ ನಮ್ಮ ಸುರಪುರ ಸೀಮೆಯ ಮನೆಮನೆಗಳಲ್ಲಿ, ಅದರಲ್ಲಿಯೂ ತಾಯಂದಿರಲ್ಲಿ, ಬೇರೂರಿದೆ. ಆದರೆ ಕ್ಯಾನ್ಸರಿಗೆ ಕಿಮೋಥೆರಪಿ ಪಡೆಯುತ್ತಿರುವವರ ಪಾಲಿಗೆ ಈ ಮೌನವೇ ಪ್ರಾಣಕ್ಕೆ ಎರವಾಗಬಲ್ಲದು. ನಮ್ಮ ತಾಯಿಯವರ ಚಿಕಿತ್ಸೆಯ ಕಾಲದಲ್ಲಿ ನಾವು ಕಲಿತ ಪಾಠವಿದು. ಅದನ್ನು ಮೊದಲು ಕಲಿಸಿದವರು ಪಕ್ಕದ ಹಾಸಿಗೆಯಲ್ಲಿದ್ದ ಒಬ್ಬ ರೋಗಿ.

ತಾಯಿಯವರಿಗೆ ಸ್ತನದ ಕ್ಯಾನ್ಸರ್. ನಾಲ್ಕು ಸುತ್ತು ಕಿಮೋ ಮುಗಿದು, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಬೇರೆ ಔಷಧಿ ಆರಂಭವಾದ ದಿನ. ಸಲೈನಿನೊಡನೆ ಔಷಧಿ ಒಳಸೇರತೊಡಗಿ ಕೆಲವೇ ನಿಮಿಷಗಳಾಗಿದ್ದವು. ಅವರ ಮುಖ ಕೆಂಪೇರಿತು, ಎದೆ ಬಿಗಿಯಿತು. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ಭಾವಿಸಿ ಅವರು ಕಣ್ಣುಮುಚ್ಚಿ ಮಲಗಿದರು. ನಾವೂ ನಿದ್ರೆ ಬಂದಿರಬೇಕೆಂದುಕೊಂಡೆವು. ಪಕ್ಕದಲ್ಲಿದ್ದ ಶಹಾಪುರದ ಹೆಣ್ಣುಮಗಳು ಮಾತ್ರ ಎದ್ದು ಕುಳಿತು, “ಸುಮ್ಮ ಇರಬ್ಯಾಡ್ರಿ ಅಕ್ಕಾರ, ನನಗೂ ಹಿಂಗ ಆಗಿತ್ತು” ಎಂದವರೇ ನರ್ಸನ್ನು ಕೂಗಿ ಕರೆದರು. ನರ್ಸ್ ಕೂಡಲೇ ಔಷಧಿ ನಿಲ್ಲಿಸಿದರು; ವೈದ್ಯರು ಬಂದು ಚುಚ್ಚುಮದ್ದು ಕೊಟ್ಟರು. ತಾಯಿಯವರು ಚೇತರಿಸಿಕೊಂಡ ಬಳಿಕ ಅದೇ ಔಷಧಿಯನ್ನು ಬಹಳ ನಿಧಾನವಾಗಿ ಹರಿಸಿ, ಅಂದಿನ ಚಿಕಿತ್ಸೆಯನ್ನು ಪೂರ್ಣಗೊಳಿಸಿದರು.

ಇದು ಔಷಧಿಗೆ ದೇಹ ತೋರುವ ತೀವ್ರ ಅಲರ್ಜಿ. ಮೈತುರಿಕೆ, ದದ್ದು, ಗಂಟಲು ಬಿಗಿತ, ಉಸಿರುಕಟ್ಟುವಿಕೆ, ತಲೆಸುತ್ತು ಇದರ ಲಕ್ಷಣಗಳು. ಸೂಜಿ ಚುಚ್ಚಿದ ಜಾಗದಲ್ಲಿ ಉರಿ ಅಥವಾ ಬಾವು ಕಂಡರೂ ತಡಮಾಡದೆ ಹೇಳಬೇಕು. ಕೆಲವು ಔಷಧಿಗಳು ರಕ್ತನಾಳದಿಂದ ಹೊರಗೆ ಸೋರಿದರೆ ಅಲ್ಲಿನ ಮಾಂಸವೇ ಕೊಳೆಯಬಹುದು. ಹೇಳಿದರೆ ಚಿಕಿತ್ಸೆ ನಿಂತುಹೋದೀತೆಂಬ ಭಯ ಬೇಡ. ಎಷ್ಟೋ ಸಲ ಹೇಳಿದ್ದರಿಂದಲೇ ಚಿಕಿತ್ಸೆ ಸುರಕ್ಷಿತವಾಗಿ ಮುಂದುವರಿಯುತ್ತದೆ.

ಕಿಮೋ ಔಷಧಿಯು ಬೇಗಬೇಗನೆ ವೃದ್ಧಿಯಾಗುವ ಜೀವಕೋಶಗಳನ್ನು ಕೊಲ್ಲುತ್ತದೆ. ಕ್ಯಾನ್ಸರಿನ ಕೋಶಗಳು ಅಂಥವು. ಆದರೆ ಬಾಯಿ ಮತ್ತು ಕರುಳಿನ ಒಳಪದರ, ಕೂದಲಿನ ಬೇರು, ರಕ್ತವನ್ನು ಉತ್ಪಾದಿಸುವ ಮೂಳೆಮಜ್ಜೆ ಇವೂ ಅಂಥವೇ. ಬಾಯಿಹುಣ್ಣು, ವಾಂತಿ, ಭೇದಿ, ಕೂದಲುದುರುವಿಕೆ ಬರುವುದು ಈ ಕಾರಣದಿಂದ. ಪಾಪದ ಫಲವೆಂದೋ ದೈವದ ಮುನಿಸೆಂದೋ ಯಾರೂ ಕುಗ್ಗಬೇಕಾಗಿಲ್ಲ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಜ್ವರದ ವಿಷಯದಲ್ಲಿ. ಸಾಮಾನ್ಯವಾಗಿ ಕಿಮೋ ಪಡೆದ 7ರಿಂದ 14 ದಿನಗಳ ಅವಧಿಯಲ್ಲಿ ರಕ್ತದ ಬಿಳಿಕಣಗಳು ತೀರ ಕುಸಿಯುತ್ತವೆ. ಆಗ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ಉಲ್ಬಣಿಸಬಹುದು. ಯಾದಗಿರಿಯ ಬೇಸಿಗೆಯಲ್ಲಿ ಮೈ ಮುಟ್ಟಿ ನೋಡಿದರೆ ಬಿಸಿಲಿನ ಕಾವೋ ಜ್ವರವೋ ತಿಳಿಯದು. ಆದುದರಿಂದ ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ, ಮಧ್ಯರಾತ್ರಿಯಾದರೂ, ಆಸ್ಪತ್ರೆಗೆ ಫೋನು ಮಾಡಿ ಹೊರಡಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ವೈದ್ಯರನ್ನು ಕೇಳದೆ ಜ್ವರದ ಮಾತ್ರೆ ನುಂಗಿದರೆ ಜ್ವರವು ಅಡಗಿ, ಸೋಂಕು ಒಳಗೊಳಗೇ ಬೆಳೆಯುತ್ತದೆ. ಹೋದಲ್ಲಿ ಮೊದಲು ಹೇಳಬೇಕಾದ ಮಾತು, “ಇವರು ಕಿಮೋ ರೋಗಿ” ಎಂಬುದು.

ಊಟದಲ್ಲಿಯೂ ಜಾಣತನ ಬೇಕು. ಬಾಯಿಹುಣ್ಣಾದಾಗ ಖಡಕ್ ರೊಟ್ಟಿ, ಕೆಂಪು ಖಾರ ಬೇಡ. ಜೋಳದ ಗಂಜಿ, ಮೆತ್ತಗೆ ಬೆಂದ ಅನ್ನ, ಬೇಳೆಯ ತಿಳಿ ಹಿತ. ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರಿನಿಂದ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಬೇಕು. ವಾಂತಿಯ ಮಾತ್ರೆಯನ್ನು ವಾಂತಿ ಬರುವವರೆಗೆ ಕಾಯದೆ, ವೈದ್ಯರು ಹೇಳಿದ ಹೊತ್ತಿಗೇ ನುಂಗಬೇಕು. ಭೇದಿಯಾದರೆ ಓಆರ್‌ಎಸ್ ಕುಡಿಯುತ್ತಲೇ ವೈದ್ಯರಿಗೆ ತಿಳಿಸಬೇಕು. ಅಂಗಾಲು ಜೋಮು ಹಿಡಿದವರು ಕಾದ ನೆಲದ ಮೇಲೆ ಬರಿಗಾಲಿನಲ್ಲಿ ನಡೆಯಬಾರದು, ಸುಟ್ಟರೂ ತಿಳಿಯದು.

ಭಕ್ತರಿಗೆ ವಿಶೇಷವಾಗಿ ಒಂದು ಮಾತು. ಬಿಳಿಕಣಗಳು ಕುಸಿದಿರುವ ದಿನಗಳಲ್ಲಿ ಜಾತ್ರೆ, ದಾಸೋಹದ ಪಂಕ್ತಿಗಳಿಂದ ರೋಗಿ ದೂರವಿರುವುದು ಲೇಸು. ಮನೆಯಲ್ಲಿಯೇ ಕೈ ತೊಳೆದು ಇಷ್ಟಲಿಂಗ ಪೂಜೆ ಮಾಡಿಕೊಳ್ಳಬಹುದು. ಪಾದೋದಕಕ್ಕೆ ಕುದಿಸಿ ಆರಿಸಿದ ನೀರನ್ನು ಬಳಸಬೇಕು. ಪ್ರಸಾದವು ಆಗತಾನೆ ಬೆಂದದ್ದಾಗಿರಲಿ. ಉಪವಾಸ ಬೇಡ. ಇದರಿಂದ ಭಕ್ತಿಗೆ ಕುಂದು ಬಾರದು.

ಈ ಅನೇಕ ಸಂಗತಿಗಳನ್ನು ವೈದ್ಯರು ಹೇಳಿದ್ದರು. ಆದರೆ ಗಾಬರಿಯಲ್ಲಿ ಕೇಳಿದ್ದು ನಮಗೆ ನೆನಪಿರಲಿಲ್ಲ. ನೆನಪಿಸಿದವರು ಜೊತೆಯ ರೋಗಿಗಳು. ಶಹಾಪುರ, ಸುರಪುರಗಳಿಂದ ಬಸ್ಸಿನಲ್ಲಿ ಬಂದು ಯಾದಗಿರಿ ನಿಲ್ದಾಣದಲ್ಲಿ ರೈಲಿಗೆ ಕಾಯುವಾಗ, ಕೈಯಲ್ಲಿನ ಫೈಲು ನೋಡಿಯೇ ಒಬ್ಬರನ್ನೊಬ್ಬರು ಗುರುತಿಸುತ್ತಿದ್ದರು. ಬಳಿಕ ಫೋನುಗಳ ವಿನಿಮಯವಾಯಿತು. ಕೂದಲುದುರಿದ ದಿನ ತಾಯಿಯವರು ನಮ್ಮೆದುರು ಅಳಲಿಲ್ಲ. ಶಹಾಪುರದ ಆ ಹೆಣ್ಣುಮಗಳಿಗೆ ಫೋನು ಮಾಡಿ ಅತ್ತರು. ಒಂಬತ್ತನೆಯ ದಿನ ರಾತ್ರಿ ಚಳಿ ಹತ್ತಿದಾಗ, “ಮೊದ್ಲ ಜ್ವರಾ ಅಳೀರಿ, ಗುಳಗಿ ಕೊಡಬ್ಯಾಡ್ರಿ” ಎಂದು ನಮ್ಮನ್ನು ಆಸ್ಪತ್ರೆಗೆ ಹೊರಡಿಸಿದವರೂ ಅವರೇ. ಅಂದು ಬೆಳಗಿನವರೆಗೆ ಕಾದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ಮನಸ್ಸು ಒಪ್ಪದು.

ಆದರೂ ಒಬ್ಬರ ಔಷಧಿ ಇನ್ನೊಬ್ಬರಿಗೆ ಔಷಧಿಯಲ್ಲ. ವಿನ್‌ಕ್ರಿಸ್ಟಿನ್ ಎಂಬ ಕಿಮೋ ಔಷಧಿಯ ಮೂಲ ನಮ್ಮ ಅಂಗಳದ ಕಾಶಿಕಣಗಿಲೆ ಗಿಡವೆಂಬುದು ನಿಜ. ಹಾಗೆಂದು ಯಾರೋ ಹೇಳಿದರೆಂದು ಅದರ ಎಲೆಯ ಕಷಾಯ ಕುಡಿದರೆ ಅದು ವಿಷವೇ ಸರಿ. ಜೊತೆಯವರಿಂದ ಧೈರ್ಯವನ್ನೂ ಎಚ್ಚರವನ್ನೂ ಪಡೆಯೋಣ. ಔಷಧಿಯ ಮಾತನ್ನು ವೈದ್ಯರಿಗೇ ಬಿಡೋಣ. ನಾಟಿ ಮದ್ದು ಸೇವಿಸುತ್ತಿದ್ದರೆ ಅದನ್ನೂ ಅವರಿಂದ ಮುಚ್ಚಿಡುವುದು ಬೇಡ.

ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಅಲ್ಲ. ತಾನು ಉಂಡ ನೋವಿನಿಂದ ಕಲಿತದ್ದನ್ನು ಇನ್ನೊಬ್ಬರಿಗೆ ಬಡಿಸುವುದೂ ದಾಸೋಹವೇ. ನಿಮ್ಮ ಓಣಿಯಲ್ಲಿ ಕಿಮೋ ಪಡೆಯುವವರಿದ್ದರೆ ಒಂದು ಥರ್ಮಾಮೀಟರ್ ಕೊಡಿ. ರಾತ್ರಿ ಹೊತ್ತು ಗಾಡಿ ತರುವೆನೆಂದು ಮಾತು ಕೊಡಿ. ಚಿಕಿತ್ಸೆ ಮುಗಿಸಿದವರೊಬ್ಬರ ಪರಿಚಯ ಮಾಡಿಸಿ. ಚಿಕಿತ್ಸೆ ಮುಗಿಸಿದವರಾದರೆ, ಪಕ್ಕದ ಹಾಸಿಗೆಯತ್ತ ಒಮ್ಮೆ ತಿರುಗಿ ನೋಡಿ. ಅಲ್ಲಿ ಯಾರೋ ಕಣ್ಣುಮುಚ್ಚಿ ಸುಮ್ಮನೆ ಸಹಿಸುತ್ತಿರಬಹುದು.