ಐದನೆಯವಳು ಬಂದಳೇ?

ಓಟದ ಪಂದ್ಯ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಶಾಲೆಯ ಮೈದಾನ. ಸುಣ್ಣದ ಗೆರೆ, ವಿಷಲ್ ಊದುವ ಡ್ರಿಲ್ ಮೇಷ್ಟ್ರು, ಗಂಡುಹುಡುಗರಿಗೆ ನೂರು ಮೀಟರು, ಇನ್ನೂರು ಮೀಟರು, ಹೆಣ್ಣುಮಕ್ಕಳಿಗೆ ನಿಂಬೆಹಣ್ಣು–ಚಮಚದ ಓಟ! ಮೊದಲು ಬಂದವಳಿಗೆ ಒಂದು ಸ್ಟೀಲ್ ಲೋಟ. ಮಿಕ್ಕವರು ಚಪ್ಪಾಳೆ ತಟ್ಟಿ ಮನೆಗೆ ಬಂದರೆ ಆಯಿತು. ಓಟದಲ್ಲಿ ಲೆಕ್ಕಕ್ಕೆ ಬರುವುದು ಮುಂದಿನವರು ಮಾತ್ರ ಎಂದೇ ನಾವು ತಿಳಿದಿರುವುದು, ಅಲ್ಲವೆ?

ಆದರೆ ಮೊದಲು ಬಂದ ಹುಡುಗಿಯ ತಂಡವೇ ಸೋತು, ಎಲ್ಲೋ ಹಿಂದೆ ಏದುಸಿರು ಬಿಡುತ್ತಾ ಬಂದ ಐದನೆಯ ಹುಡುಗಿಯಿಂದ ಇನ್ನೊಂದು ತಂಡ ಗೆಲ್ಲುವ ಓಟವೂ ಇದೆ. ಅದೇ ಕ್ರಾಸ್ ಕಂಟ್ರಿ ಓಟ. ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ‘ಗುಡ್ಡಗಾಡು ಓಟ’ ಎಂಬ ಹೆಸರನ್ನು ನೀವು ಓದಿರಬಹುದು. ಅಮೆರಿಕದ ಹೈಸ್ಕೂಲುಗಳಲ್ಲಿ ಸುಮಾರು ಎರಡು ಲಕ್ಷ ಹುಡುಗಿಯರು ಪ್ರತಿ ವರ್ಷ ಈ ಓಟ ಓಡುತ್ತಾರೆ. ನಿಮ್ಮ ಅಣ್ಣನ ಮಗಳೋ, ನಾದಿನಿಯ ಮಗಳೋ ಆ ದೇಶದಲ್ಲಿ ಓದುತ್ತಿದ್ದರೆ, ‘ಇವತ್ತು ಅವಳಿಗೆ ಮೀಟ್ ಇದೆ’ ಎಂದು ಫೋನಿನಲ್ಲಿ ಕೇಳಿಯೂ ಇರುತ್ತೀರಿ. ಏನಿದು ಮೀಟ್? ಅದರಲ್ಲಿ ನಮಗೇನಿದೆ? ಬನ್ನಿ, ನೋಡೋಣ.

ಓಡಬಾರದು ಎಂದ ಕಾಲ

ಈ ಓಟ ಹುಟ್ಟಿದ್ದು ಇಂಗ್ಲೆಂಡಿನ ಹುಡುಗರ ಶಾಲೆಗಳಲ್ಲಿ. ಮುಂದೆ ಓಡುವವರು ‘ಮೊಲ’ಗಳು. ಅವರು ದಾರಿಯುದ್ದಕ್ಕೂ ಕಾಗದದ ಚೂರು ಚೆಲ್ಲುತ್ತಾ ಹೋಗಬೇಕು. ‘ನಾಯಿ’ಗಳಾದವರು ಅದರ ಜಾಡು ಹಿಡಿದು ಹೊಲ, ಬೇಲಿ, ಹಳ್ಳ ದಾಟಿ ಬೆನ್ನಟ್ಟಬೇಕು. ಆಟವೇ ಬೆಳೆದು ಪಂದ್ಯವಾಯಿತು, ಒಲಿಂಪಿಕ್ಸಿಗೂ ಹೋಯಿತು. 1924ರಲ್ಲಿ ಪ್ಯಾರಿಸ್ಸಿನ ಸುಡುಬಿಸಿಲಿನಲ್ಲಿ ಈ ಓಟಕ್ಕೆ 38 ಮಂದಿ ಗಂಡಸರು ಹೊರಟರು. ಗುರಿ ಮುಟ್ಟಿದವರು 15 ಮಂದಿ ಮಾತ್ರ. ಉಳಿದವರು ದಾರಿಯಲ್ಲೇ ಬಸವಳಿದರು. ಅಲ್ಲಿಂದ ಮುಂದೆ ಕ್ರಾಸ್ ಕಂಟ್ರಿಯನ್ನು ಒಲಿಂಪಿಕ್ಸಿನಿಂದ ತೆಗೆದರು. ಆದರೆ ‘ಗಂಡಸರಿಗೆ ದೂರದ ಓಟ ಒಗ್ಗುವುದಿಲ್ಲ’ ಎಂದು ಮಾತ್ರ ಯಾರೂ ಅನ್ನಲಿಲ್ಲ. ಅವರ ಮ್ಯಾರಥಾನ್ ಮುಂದುವರಿಯಿತು.

ಈಗ ಇನ್ನೊಂದು ಕಥೆ ಕೇಳಿ. ನಾಲ್ಕೇ ವರ್ಷದ ನಂತರ, 1928ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಹೆಂಗಸರಿಗೆ ಮೊದಲ ಬಾರಿ 800 ಮೀಟರ್ ಓಟ ಇಟ್ಟರು. ಕೊನೆಯ ಸುತ್ತಿಗೆ ಬಂದವರು ಒಂಬತ್ತು ಮಂದಿ. ಒಂಬತ್ತೂ ಮಂದಿ ಗುರಿ ಮುಟ್ಟಿದರು. ಜರ್ಮನಿಯ ಲೀನಾ ರಾಡ್ಕೆ ಗೆದ್ದರು. ಓಟ ಮುಗಿಸಿ ದಣಿದವರನ್ನು ನೋಡಿ, ಹೆಂಗಸರೆಲ್ಲ ಕುಸಿದು ಬಿದ್ದರೆಂದು ಪತ್ರಿಕೆಗಳು ಬರೆದವು. ಅಷ್ಟೇ ಸಾಕಾಯಿತು! ಹೆಣ್ಣಿನ ಮೈಕಟ್ಟಿಗೆ ಇಷ್ಟು ಓಟ ಸಲ್ಲದು ಎಂದು ತೀರ್ಮಾನವಾಗಿ, 1960ರ ರೋಮ್ ಒಲಿಂಪಿಕ್ಸಿನವರೆಗೆ, ಅಂದರೆ 32 ವರ್ಷ, ಹೆಂಗಸರಿಗೆ ಆ ಓಟವೇ ಇರಲಿಲ್ಲ.

‘ಅಷ್ಟು ಓಡಿದ್ರೆ ಗರ್ಭಕೋಶ ಜಾರುತ್ತೆ, ನಾಳೆ ಮಕ್ಕಳಾಗೋದು ಹೇಗೆ?’ ಎಂಬ ಮಾತು ನಮ್ಮ ಅಜ್ಜಿಯರದು ಮಾತ್ರ ಎಂದುಕೊಂಡಿದ್ದೀರಾ? ಇಲ್ಲ. ಓದಿದ ದೇಶಗಳಲ್ಲೂ ಇದನ್ನೇ ಹೇಳುತ್ತಿದ್ದರು. 1967ರಲ್ಲಿ ಕ್ಯಾಥರೀನ್ ಸ್ವಿಟ್ಜರ್ ಎಂಬ ಯುವತಿ ಹೆಸರಿನ ಬರೀ ಮೊದಲಕ್ಷರ ಬರೆದು ಬಾಸ್ಟನ್ ಮ್ಯಾರಥಾನಿಗೆ ಸೇರಿಕೊಂಡಾಗ, ಓಟದ ನಡುವೆಯೇ ಅಧಿಕಾರಿಯೊಬ್ಬ ಆಕೆಯನ್ನು ಹಿಡಿದೆಳೆಯಲು ಬಂದ. ಆಕೆ ನಿಲ್ಲಲಿಲ್ಲ, ಪೂರ್ತಿ ಓಡಿ ಮುಗಿಸಿದರು. ಆ ಮ್ಯಾರಥಾನು ಹೆಂಗಸರಿಗೆ ವಿಧಿವತ್ತಾಗಿ ಬಾಗಿಲು ತೆರೆದದ್ದು 1972ರಲ್ಲಿ.

ಅದೇ 1972ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ಒಂದು ಕಾಯಿದೆ ಬಂತು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಹೆಣ್ಣು–ಗಂಡೆಂಬ ಭೇದ ಮಾಡಕೂಡದು ಎಂಬುದು ಅದರ ಸಾರ. ‘ಟೈಟಲ್ ನೈನ್’ ಎಂದು ಅದರ ಹೆಸರು. ಆ ಕಾಯಿದೆಗೆ ಮುಂಚಿನ ವರ್ಷ ಅಲ್ಲಿನ ಹೈಸ್ಕೂಲು ಕ್ರೀಡಾತಂಡಗಳಲ್ಲಿ ಇದ್ದ ಹುಡುಗಿಯರು ಮೂರು ಲಕ್ಷಕ್ಕೂ ಕಡಿಮೆ. 2018–19ರ ಹೊತ್ತಿಗೆ ಅವರ ಸಂಖ್ಯೆ 34 ಲಕ್ಷ ಮುಟ್ಟಿತ್ತು. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ನಮ್ಮ ಪಿ.ಟಿ. ಉಷಾ ಕೂದಲೆಳೆಯಷ್ಟರಲ್ಲಿ ಪದಕ ಕಳೆದುಕೊಂಡದ್ದು ನಿಮಗೆ ನೆನಪಿರಬೇಕು. ಹೆಂಗಸರ ಮೊದಲ ಒಲಿಂಪಿಕ್ ಮ್ಯಾರಥಾನ್ ನಡೆದದ್ದೂ ಅದೇ ಕೂಟದಲ್ಲಿ. ಗೆದ್ದವರು ಅಮೆರಿಕದ ಜೋನ್ ಬೆನಾಯ್ಟ್.

ಪಂದ್ಯದ ದಿನ

ಆಗಸ್ಟಿನಲ್ಲಿ ಶುರುವಾಗುವ ಓಟದ ಋತುವಿಗೆ ಅಕ್ಟೋಬರಿನಲ್ಲಿ ಕಳೆ ಕಟ್ಟುತ್ತದೆ. ಆಗಲೇ ‘ಕಾನ್ಫರೆನ್ಸ್ ಚಾಂಪಿಯನ್‌ಷಿಪ್’ ನಡೆಯುವುದು. ಕಾನ್ಫರೆನ್ಸ್ ಎಂದರೆ ಸಭೆ ಎಂದು ತಿಳಿಯಬೇಡಿ. ಅಕ್ಕಪಕ್ಕದ ಊರುಗಳ ಹಲವು ಶಾಲೆಗಳು ಸೇರಿ ಮಾಡಿಕೊಂಡ ಕೂಟ ಅದು. ನಮ್ಮ ಹೋಬಳಿ, ತಾಲ್ಲೂಕು ಮಟ್ಟದ ಪಂದ್ಯ ಇದ್ದ ಹಾಗೆ. ಇದಾದ ಮೇಲೆ ಜಿಲ್ಲೆ, ವಲಯ, ರಾಜ್ಯ ಎಂದು ಮೆಟ್ಟಿಲುಗಳುಂಟು. ಆದರೆ ಊರ ಮಾನ ಪಣಕ್ಕಿರುವುದು ಇಲ್ಲಿಯೇ. ಪಕ್ಕದೂರಿನವರ ಮುಂದೆ ಸೋಲುವುದೆಂದರೆ ಸುಮ್ಮನೆ ಮಾತೇ?

ಹಿಂದಿನ ಸಂಜೆ ತಂಡದ ಹುಡುಗಿಯರಿಗೆಲ್ಲ ಯಾರಾದರೊಬ್ಬರ ಮನೆಯಲ್ಲಿ ಊಟ. ದೊಡ್ಡ ಪಾತ್ರೆಯಲ್ಲಿ ಪಾಸ್ತಾ ಬೇಯಿಸಿ, ಟೊಮ್ಯಾಟೊ ಗೊಜ್ಜು ಹಾಕಿ, ಬ್ರೆಡ್ಡು, ಹಸಿ ತರಕಾರಿ ಇಡುತ್ತಾರೆ. ಮರುದಿನ ಓಡಲು ಬೇಕಾದ ಶಕ್ತಿ ಗೋಧಿಯಿಂದ ಸಿಗಲಿ ಎಂಬ ಲೆಕ್ಕಾಚಾರ. ಅಡಿಗೆಯ ಸರದಿ ತಾಯಂದಿರದು. ಬೆಳಿಗ್ಗೆ ಹುಡುಗಿಯರು ಒಬ್ಬರಿಗೊಬ್ಬರು ಜಡೆ ಹೆಣೆದು, ಶಾಲೆಯ ಬಣ್ಣದ ರಿಬ್ಬನ್ ಕಟ್ಟುತ್ತಾರೆ. ಎದೆಯ ಮೇಲೆ ನಂಬರಿನ ಚೀಟಿ, ನಾಲ್ಕು ಮೂಲೆಗೆ ನಾಲ್ಕು ಪಿನ್ನು. ಹುಲ್ಲು, ಕೆಸರಿನಲ್ಲಿ ಜಾರದಂತೆ ಅಡಿಯಲ್ಲಿ ಮೊಳೆಯಿರುವ ಬೂಟು.

ಓಟದ ಹಾದಿ ಸಾಮಾನ್ಯವಾಗಿ ಒಂದು ಉದ್ಯಾನ ಇಲ್ಲವೆ ಗಾಲ್ಫ್ ಮೈದಾನ. ದೂರ ಐದು ಕಿಲೋಮೀಟರು. ಇದರಲ್ಲೂ ಒಂದು ಮಾತಿದೆ. ಕೆಲವು ರಾಜ್ಯಗಳಲ್ಲಿ ಹುಡುಗರಿಗೆ ಐದು ಕಿಲೋಮೀಟರು, ಹುಡುಗಿಯರಿಗೆ ನಾಲ್ಕೇ ಎಂಬ ನಿಯಮ 2010ರ ನಂತರವೂ ಉಳಿದಿತ್ತು! ಸಾಲಾಗಿ ನಿಂತ ಹುಡುಗಿಯರು ಗುಂಡಿನ ಸದ್ದಿಗೆ ಹೊರಟರೆ ಮೊದಲ ನೂರು ಗಜ ಜಾತ್ರೆಯ ನೂಕುನುಗ್ಗಲು. ಆಮೇಲೆ ಏರು, ಇಳಿಜಾರು, ಮರಗಳ ನಡುವಿನ ಕಾಲುದಾರಿ. ಕೂತು ನೋಡಲು ಇಲ್ಲಿ ಗ್ಯಾಲರಿ ಇಲ್ಲ. ಒಂದು ತಿರುವಿನಲ್ಲಿ ಮಗಳನ್ನು ಕಂಡ ತಾಯಿ, ಇನ್ನೊಂದು ತಿರುವಿನಲ್ಲಿ ಕಾಣಲು ತಾನೂ ಮೈದಾನಕ್ಕೆ ಅಡ್ಡವಾಗಿ ಓಡಬೇಕು. ಪಂದ್ಯ ಮುಗಿಯುವಷ್ಟರಲ್ಲಿ ತಾಯಂದಿರಿಗೂ ಒಂದೆರಡು ಕಿಲೋಮೀಟರು ಆಗಿರುತ್ತದೆ!

ಕಡಿಮೆ ಅಂಕದವರೇ ಗೆದ್ದವರು

ಈಗ ಲೆಕ್ಕಕ್ಕೆ ಬರೋಣ. ಒಂದು ಶಾಲೆಯಿಂದ ಏಳು ಹುಡುಗಿಯರು ಓಡುತ್ತಾರೆ. ಮೊದಲು ಬಂದ ಐವರ ಸ್ಥಾನಗಳನ್ನು ಕೂಡಬೇಕು. ಒಂದನೆಯವಳಿಗೆ 1, ಹತ್ತನೆಯವಳಿಗೆ 10. ಯಾರ ಮೊತ್ತ ಕಡಿಮೆಯೋ ಅವರಿಗೆ ಜಯ. ಒಂದರಿಂದ ಐದರವರೆಗೆ ಒಂದೇ ಶಾಲೆಯವರು ಬಂದರೆ 15. ಅದಕ್ಕಿಂತ ಕಡಿಮೆ ಸಾಧ್ಯವಿಲ್ಲ.

ಒಂದು ಉದಾಹರಣೆ. ಪೇಟೆ ಶಾಲೆಯಲ್ಲಿ ಇಬ್ಬರು ಚಿಗರೆಗಳಂಥ ಹುಡುಗಿಯರಿದ್ದಾರೆ. ಅವರು 1 ಮತ್ತು 2ನೆಯವರಾಗಿ ಬಂದರು. ಮಿಕ್ಕ ಮೂವರು 12, 14, 16. ಕೂಡಿದರೆ 45. ಹಳ್ಳಿ ಶಾಲೆಯಲ್ಲಿ ಅಂಥ ಚತುರೆಯರಿಲ್ಲ. ಆದರೆ ಐವರೂ ಒಬ್ಬರನ್ನೊಬ್ಬರು ಬಿಡದೆ 5, 6, 7, 9, 10ನೆಯವರಾಗಿ ಬಂದರು. ಮೊತ್ತ 37. ಕಪ್ಪು ಹಳ್ಳಿಗೆ! ಇಷ್ಟೇ ಅಲ್ಲ, ಆ ಶಾಲೆಯ ಆರನೆಯವಳು 11ನೆಯವಳಾಗಿ ಬಂದಳೆನ್ನಿ. ಅವಳ ಸ್ಥಾನ ತಂಡದ ಮೊತ್ತಕ್ಕೆ ಸೇರದು. ಆದರೂ ಅವಳಿಂದಾಗಿ ಪೇಟೆಯ ಮೂವರೂ ಒಂದೊಂದು ಸ್ಥಾನ ಹಿಂದೆ ಸರಿದರು. ಎರಡು ತಂಡದ ಮೊತ್ತ ಸಮವಾದರೆ ತೀರ್ಪು ಹೇಳುವುದೂ ಆರನೆಯವಳ ಸ್ಥಾನವೇ.

ಐವರಲ್ಲಿ ಒಬ್ಬಳು ದಾರಿಯಲ್ಲೇ ನಿಂತು, ಹಿಂದೆ ಬರುವ ಇಬ್ಬರೂ ಗುರಿ ಮುಟ್ಟದಿದ್ದರೆ? ನಾಲ್ವರು ಎಷ್ಟೇ ಮುಂದೆ ಬಂದರೂ ಆ ಶಾಲೆಗೆ ಮೊತ್ತವೇ ಇಲ್ಲ. ಆದ್ದರಿಂದಲೇ ತಂಡದ ಮುಂದಾಳು ಗುರಿ ಮುಟ್ಟಿದ ಕೂಡಲೇ ಕೇಳುವ ಪ್ರಶ್ನೆ ‘ನಾನೆಷ್ಟನೆಯವಳು?’ ಎಂಬುದಲ್ಲ, ‘ನಮ್ಮ ಐದನೆಯವಳು ಬಂದಳೇ?’ ಎಂಬುದು. ಒಬ್ಬಳು ಚೆನ್ನಾಗಿದ್ದು ಮಿಕ್ಕವರು ಸೊರಗಿದರೆ ಸಂಸಾರ ಉದ್ಧಾರವಾಗುವುದಿಲ್ಲ ಎಂಬುದು ಮನೆ ನಡೆಸುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪುಸ್ತಕದ ನಿಯಮ, ಮನಸ್ಸಿನ ನಿಯಮ

2014ರ ಅಕ್ಟೋಬರಿನಲ್ಲಿ ನಾರ್ತ್ ಡಕೋಟ ರಾಜ್ಯದಲ್ಲಿ ಇಂಥದೇ ಒಂದು ಕಾನ್ಫರೆನ್ಸ್ ಪಂದ್ಯ ನಡೆದಿತ್ತು. ಗುರಿ ಇನ್ನು ಸ್ವಲ್ಪ ದೂರವಿದೆ ಎನ್ನುವಾಗ ಒಬ್ಬ ಹುಡುಗಿಯ ಕಾಲು ಕೈಕೊಟ್ಟಿತು. ನೋವಿನಿಂದ ಅಳುತ್ತಿದ್ದ ಅವಳನ್ನು ದಾಟಿ ಎಷ್ಟೋ ಮಂದಿ ಹೋದರು. ಎದುರಾಳಿ ಶಾಲೆಯ ಒಬ್ಬಳು ಮಾತ್ರ ನಿಂತಳು. ಮೊದಲು ಹೆಗಲು ಕೊಟ್ಟು ನಡೆಸಲು ನೋಡಿದಳು; ಆಗದಿದ್ದಾಗ ಕೂಸುಮರಿ ಹೊತ್ತಂತೆ ಬೆನ್ನ ಮೇಲೆ ಹೊತ್ತು ಗುರಿಯ ಗೆರೆ ದಾಟಿಸಿದಳು. ಓಟಗಾರರು ಒಬ್ಬರಿಗೊಬ್ಬರು ನೆರವಾಗಬಾರದು ಎಂಬುದು ಆಗಿನ ನಿಯಮ. ಇಬ್ಬರನ್ನೂ ಪಂದ್ಯದಿಂದ ವಜಾ ಮಾಡಿದರು. ಆದರೆ ಆ ಸುದ್ದಿ ಊರೂರು ದಾಟಿ ದೇಶಕ್ಕೆಲ್ಲ ಹರಡಿತು. ಪಂದ್ಯದ ಪಟ್ಟಿಯಲ್ಲಿ ಸ್ಥಾನ ಸಿಗದ ಆ ಇಬ್ಬರು ಹುಡುಗಿಯರನ್ನು ಜನ ಮನಸಾರೆ ಮೆಚ್ಚಿಕೊಂಡರು. ಮಗಳು ಹೀಗೆ ಮಾಡಿ ಬರಿಗೈಯಲ್ಲಿ ಮನೆಗೆ ಬಂದರೆ ನೀವು ಬೈಯುತ್ತೀರಾ, ಅಪ್ಪಿಕೊಳ್ಳುತ್ತೀರಾ? ನೀವೇ ಹೇಳಿ.

ತಾಯಂದಿರೇ, ಇದನ್ನು ಮರೆಯದಿರಿ

ಈ ಓಟಕ್ಕೆ ಒಂದು ಕತ್ತಲೆಯ ಮಗ್ಗುಲೂ ಇದೆ. ‘ಮೈ ಹಗುರವಾದಷ್ಟೂ ವೇಗ ಹೆಚ್ಚು’ ಎಂಬ ಮಾತು ನಂಬಿ ಎಷ್ಟೋ ಹುಡುಗಿಯರು ಊಟ ಬಿಡುತ್ತಾರೆ. ಅಮೆರಿಕದ ಮೇರಿ ಕೇನ್ 2013ರಲ್ಲಿ, ಇನ್ನೂ 17ರ ಹುಡುಗಿ, ವಿಶ್ವ ಚಾಂಪಿಯನ್‌ಷಿಪ್ಪಿನ 1500 ಮೀಟರ್ ಅಂತಿಮ ಓಟಕ್ಕೆ ಬಂದಿದ್ದರು. ತೂಕ ಇಳಿಸು, ಇನ್ನೂ ಇಳಿಸು ಎಂಬ ಒತ್ತಡಕ್ಕೆ ಸಿಕ್ಕಿ ಮೂರು ವರ್ಷ ತನಗೆ ಮುಟ್ಟೇ ಆಗಲಿಲ್ಲವೆಂದೂ, ಐದು ಮೂಳೆಗಳು ಮುರಿದವೆಂದೂ 2019ರಲ್ಲಿ ಆಕೆ ಬಹಿರಂಗವಾಗಿ ಹೇಳಿದಾಗ ಕ್ರೀಡಾಲೋಕ ಬೆಚ್ಚಿಬಿದ್ದಿತು.

ಮೈಗೆ ಬೇಕಾದಷ್ಟು ಆಹಾರ ಬೀಳದಿದ್ದರೆ ಮೈ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಮುಟ್ಟೂ ಒಂದು. ಮುಟ್ಟು ನಿಂತರೆ ಮೂಳೆ ಗಟ್ಟಿಮಾಡುವ ರಸವೂ ಕಡಿಮೆಯಾಗುತ್ತದೆ. ಆದ್ದರಿಂದ ಓಡುವ ಮಗಳಿರಲಿ, ಓಡದವಳಿರಲಿ, ಮೂರು ತಿಂಗಳು ಸತತವಾಗಿ ಮುಟ್ಟು ತಪ್ಪಿದರೆ ‘ಒಳ್ಳೆಯದೇ ಆಯ್ತು, ಕಾಟ ತಪ್ಪಿತು’ ಎನ್ನದೆ ವೈದ್ಯರಿಗೆ ತೋರಿಸಿ. ಹದಿನೈದು ತುಂಬಿದರೂ ಮೈನೆರೆಯದಿದ್ದರೂ ಹಾಗೆಯೇ.

ಇನ್ನು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತ ಕಡಿಮೆ. ಓಡುವುದಿರಲಿ, ಮಹಡಿ ಹತ್ತುವುದಕ್ಕೂ ಏದುಸಿರು ಬಂದರೆ ಸೋಮಾರಿತನವೆಂದು ಗದರಬೇಡಿ; ಒಮ್ಮೆ ರಕ್ತಪರೀಕ್ಷೆ ಮಾಡಿಸಿ. ಸೊಪ್ಪಿನ ಹುಳಿ, ಮೊಳಕೆ ಹುರುಳಿ, ಹೆಸರುಕಾಳಿನ ಕೋಸಂಬರಿ ಧಾರಾಳವಾಗಿ ಬಡಿಸಿ. ಮೇಲೆ ನಿಂಬೆಹಣ್ಣು ಹಿಂಡಿದರೆ ಅದರಲ್ಲಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಬೇಡ. ಒಂದು ಗಂಟೆ ಬಿಟ್ಟು ಕುಡಿಯಲಿ. ಮೂಳೆಗೆ ರಾಗಿ, ಹಾಲು, ಮೊಸರು ನಮ್ಮ ಮನೆಯಲ್ಲೇ ಇವೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲರಿಗೂ ಬಡಿಸಿ ಉಳಿದದ್ದು ಮಗಳಿಗೆ ಎಂಬ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಬಿಡಿ.

ನಮ್ಮಲ್ಲೂ ಶಾಲಾ ಕಾಲೇಜುಗಳ ಗುಡ್ಡಗಾಡು ಓಟಕ್ಕೆ ಹುಡುಗಿಯರ ವಿಭಾಗವಿದೆ. ‘ಹೆಸರು ಕೊಡ್ಲಾ ಅಮ್ಮ?’ ಎಂದು ಮಗಳು ಕೇಳಿದಾಗ ‘ಗೆಲ್ತೀಯಾ?’ ಎಂದು ಮರುಪ್ರಶ್ನೆ ಹಾಕಬೇಡಿ. ಓಡಲು ಹಿತವಾದ ಬಟ್ಟೆ, ಅಳತೆಗೆ ಸರಿಯಾದ ಬೂಟು, ಹೊಟ್ಟೆ ತುಂಬ ಊಟ, ಇಷ್ಟು ಕೊಡಿ. ಬಿಡುವು ಮಾಡಿಕೊಂಡು ಮೈದಾನದ ಒಂದು ತಿರುವಿನಲ್ಲಿ ಹೋಗಿ ನಿಲ್ಲಿ. ಮೊದಲನೆಯವಳಿಗೆ ಚಪ್ಪಾಳೆ ತಟ್ಟಲು ಊರೇ ಇರುತ್ತದೆ. ಐದನೆಯವಳು ಬರುವ ತನಕ ನಿಂತಿರುವವರು ತಾಯಂದಿರೇ ಆಗಬೇಕು.