ಚಳಿಗೆ ಅಂಜದು, ತೇವಕ್ಕೆ ಅಂಜುವುದು

ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಮರಗಳೆಲ್ಲ ಮುಗಿದು ಬರೀ ಕಲ್ಲೂ ಹುಲ್ಲೂ ಉಳಿಯುವ ಎತ್ತರದಲ್ಲಿ ಗೇಣುದ್ದದ ಅನೆಮೋನಿ ಗಿಡಗಳು ಹೂ ಬಿಡುತ್ತವೆ. ಗ್ರೀಕ್ ಭಾಷೆಯಲ್ಲಿ 'ಅನೆಮೋಸ್' ಎಂದರೆ ಗಾಳಿ. ಇಟಲಿಯ ಗಾರ್ಡಾ ಸರೋವರದ ಪಕ್ಕದ ಮೊಂಟೆ ಬಾಲ್ಡೊ ಬೆಟ್ಟದಿಂದ ಹೆಸರು ಪಡೆದ ಬಾಲ್ಡೆನ್ಸಿಸ್ ಅನೆಮೋನಿ ಹತ್ತು ಹನ್ನೆರಡು ಸೆಂಟಿಮೀಟರ್ ಎತ್ತರವಾದರೆ ಹೆಚ್ಚು. ಸುಣ್ಣಕಲ್ಲಿನ ಪುಡಿಜಲ್ಲಿಯ ಇಳಿಜಾರೇ ಅದರ ಮನೆ. ದಂಟಿಗೊಂದೇ ಬಿಳಿ ಹೂ.

ಇವುಗಳ ದಾಯಾದಿಯೇ ಪಲ್ಸಟಿಲ್ಲಾ. ಮೈತುಂಬ ರೇಷ್ಮೆಯಂಥ ರೋಮ. ಇವುಗಳಲ್ಲಿ ನೇರಳೆ ಹೂವಿನ ಒಂದು ಜಾತಿ ಪಾಸ್ಕ ಹಬ್ಬದ ಸುಮಾರಿಗೆ ಅರಳುವುದರಿಂದ, ಇಂಗ್ಲೆಂಡಿನ ಜಾನ್ ಜೆರಾರ್ಡ್ 1597ರ ತನ್ನ ಮೂಲಿಕೆಗಳ ಗ್ರಂಥದಲ್ಲಿ ಅದಕ್ಕೆ 'ಪಾಸ್ಕ ಹೂ' ಎಂಬರ್ಥದ ಹೆಸರು ಕೊಟ್ಟ. ಇದು ಬೆಟ್ಟದ ತುದಿಯದಲ್ಲ, ಸೀಮೆಸುಣ್ಣದ ಕಲ್ಲಿನ ಹುಲ್ಲುಗಾವಲಿನದು. ಹಾಗಾಗಿ ತೋಟದಲ್ಲಿ ಬೆಳೆಸಲು ಸುಲಭ. ಮೊದಲ ಬಾರಿಗೆ ಕೈಹಾಕುವವರು ಇದರಿಂದಲೇ ಆರಂಭಿಸಿದರೆ ಒಳ್ಳೆಯದು.

ನಿಜವಾದ ಆಲ್ಪ್ಸ್ ಗಿಡಗಳದ್ದು ಬೇರೆಯೇ ಕಥೆ. ಅವಕ್ಕೆ ಚಳಿ ಬೇಕು, ಚಳಿ ಕೊಟ್ಟರೆ ಸಾಕು ಎಂದು ನಾವೆಲ್ಲ ಸಾಮಾನ್ಯವಾಗಿ ಎಣಿಸುತ್ತೇವೆ. ಆದರೆ ಬೆಟ್ಟದ ಮೇಲೆ ಚಳಿಗಾಲವಿಡೀ ಹಿಮ ಕಂಬಳಿಯಂತೆ ಹೊದ್ದುಕೊಂಡಿರುತ್ತದೆ. ಅದರಡಿಯಲ್ಲಿ ಗಿಡ ಮಳೆಯಿಂದ ದೂರವಾಗಿ ತಿಂಗಳುಗಟ್ಟಲೆ ಮಲಗಿರುತ್ತದೆ. ಇಂಗ್ಲೆಂಡಿನ ಬಯಲಿನಲ್ಲಿ ಅಂಥ ಹೊದಿಕೆ ಇಲ್ಲ. ಜಿನುಗು ಮಳೆಗೆ ಬುಡ ನೆನೆದು ಕೊಳೆಯುತ್ತದೆ. ಹೊಂಬಣ್ಣದ ರೋಮವಿರುವ ವರ್ನಾಲಿಸ್ ಎಂಬ ಚೆಲುವೆಯನ್ನು ಉಳಿಸಿಕೊಳ್ಳಲು ಅಲ್ಲಿನವರು ಚಳಿಗಾಲದಲ್ಲಿ ಗಿಡದ ಮೇಲೆ ಗಾಜಿನ ಹಲಗೆ ನಿಲ್ಲಿಸುತ್ತಾರೆ. ಗಾಳಿ ಆಡಬೇಕು, ನೀರು ಬೀಳಬಾರದು.

ಕಲ್ಲುತೋಟವೆಂದರೆ ಮಣ್ಣಿನ ಗುಡ್ಡೆಯ ಮೇಲೆ ಕಲ್ಲು ಚುಚ್ಚಿದ ಅಲಂಕಾರವಲ್ಲ. ಅದರ ಕೆಲಸವೆಲ್ಲ ನೆಲದೊಳಗೆ. ಅಡಿಯಲ್ಲಿ ಒಡೆದ ಇಟ್ಟಿಗೆ, ದಪ್ಪ ಕಲ್ಲು. ಮೇಲೆ ಮಣ್ಣು, ಎಲೆಗೊಬ್ಬರ, ಸಣ್ಣ ಜಲ್ಲಿ ಹೆಚ್ಚು ಕಡಿಮೆ ಸಮಪಾಲು. ಕಲ್ಲುಗಳನ್ನು ಚೆನ್ನಾಗಿ ಹೂತು, ತುಸು ಹಿಂದಕ್ಕೆ ವಾಲಿಸಿ ಇಟ್ಟರೆ ಮಳೆನೀರು ಬೇರಿನತ್ತ ಇಳಿಯುತ್ತದೆ, ಕಲ್ಲಿನಡಿ ಬೇರಿಗೆ ತಂಪೂ ಸಿಗುತ್ತದೆ. ಗಿಡದ ಕುತ್ತಿಗೆಯ ಸುತ್ತ ಎರಡು ಮೂರು ಸೆಂಟಿಮೀಟರ್ ಬರೀ ಜಲ್ಲಿ ಹರಡಬೇಕು. ನೀರಿಗೇನೂ ಬಡತನವಿಲ್ಲ, ಅದು ನಿಲ್ಲಬಾರದು ಅಷ್ಟೇ. ಬೀಜ ಮಾಗಿದ ಕೂಡಲೇ ಬಿತ್ತಬೇಕು. ಡಬ್ಬಿಯಲ್ಲಿಟ್ಟು ಹಳತಾದರೆ ಮೊಳಕೆ ಕಡಿಮೆ. ಪಲ್ಸಟಿಲ್ಲಾ ಬೇರು ಆಳಕ್ಕಿಳಿಯುವುದರಿಂದ ಬೆಳೆದ ಗಿಡವನ್ನು ಕಿತ್ತು ನೆಡುವ ಆಸೆ ಬೇಡ. ಹಸಿ ಗಿಡದ ರಸ ವಿಷ, ಚರ್ಮಕ್ಕೂ ಉರಿ. ಮಕ್ಕಳಿರುವ ಮನೆಯವರು ನೆನಪಿಡಿ.

ಊಟಿಯಲ್ಲೂ ಚಳಿಯಿದೆಯಲ್ಲ, ಅಲ್ಲೇಕೆ ಬೆಳೆಸಬಾರದು ಎಂದು ನೀಲಗಿರಿಯ ನಮ್ಮ ಕುಟುಂಬಗಳು ಕೇಳಬಹುದು. ಅಲ್ಲಿ ಎರಡು ಮಳೆಗಾಲ. ಹಿಮದ ಹೊದಿಕೆ ಇಲ್ಲವೇ ಇಲ್ಲ. ಬೆಳಗಿನ ಹೆಪ್ಪಿಬ್ಬನಿ ಬಿಸಿಲೇರಿದರೆ ಮಾಯ. ದುಡ್ಡು ಕೊಟ್ಟು ದೂರದ ಬೀಜ ತರಿಸಿ ಕೊಳೆಸುವುದಕ್ಕಿಂತ, ಆ ಬೆಟ್ಟದ್ದೇ ಆದ ಅನೆಮೋನಿಯನ್ನು ಗುರುತಿಸುವುದು ಮೇಲು ಎಂಬುದು ನಮ್ಮ ಮಾತು. ಹೌದು, ನೀಲಗಿರಿಗೂ ಒಂದಿದೆ! ರಿವುಲಾರಿಸ್ ಎಂದು ಅದರ ಹೆಸರು. ಹಿಮಾಲಯದಲ್ಲೂ ಶ್ರೀಲಂಕಾದಲ್ಲೂ ಇದೆ. ಇದು ಕುಳ್ಳು ಗಿಡವಲ್ಲ, ಮೊಣಕಾಲೆತ್ತರ ಬರುತ್ತದೆ. ಹೆಸರೇ ಹೇಳುವಂತೆ ತೊರೆಯ ಪಕ್ಕದ ತೇವ ಇದಕ್ಕೆ ಇಷ್ಟ. ಕಲ್ಲುತೋಟದಲ್ಲಿ ನೆಡುವುದಾದರೆ ನೀರು ಇಳಿದು ಬರುವ ಕೆಳಭಾಗದಲ್ಲಿ ಜಾಗ ಕೊಡಬೇಕು.

ಚಹಾ, ನೀಲಗಿರಿ ಮರ, ವಾಟಲ್ ನೆಡುತೋಪುಗಳಿಗೆ ಅಲ್ಲಿನ ಹುಲ್ಲುಗಾವಲು ಬಹಳಷ್ಟು ಹೋಗಿದೆ. ಉಳಿದದ್ದರಿಂದ ಗಿಡ ಕೀಳಬಾರದು. ಮೀಸಲು ಅರಣ್ಯದಲ್ಲಿ ಅದು ಅಪರಾಧವೂ ಹೌದು. ಹೂ ಕಂಡರೆ ಬಗ್ಗಿ ನೋಡಿ: ಮೇಲೆ ಬಿಳಿ, ಎಸಳಿನ ಹಿಂಬದಿಯಲ್ಲಿ ನೀಲಿಛಾಯೆ.