ತೊಟ್ಟಿಯಲ್ಲಿರುವ ಪ್ರಾಣಿ ಯಾವುದು?

ಲಂಡನ್ ಮೃಗಾಲಯದಲ್ಲಿ 1920ರ ದಶಕದಲ್ಲಿ ಹಾಂಗ್‌ಕಾಂಗ್‌ನಿಂದ ಬಂದ ಒಂದು ವಿಚಿತ್ರ ಪ್ರಾಣಿ ಇತ್ತು. ನೋಡಲು ದೈತ್ಯ ಹಲ್ಲಿ. ಆದರೆ ಮೈಮೇಲೆ ಹುರುಪೆಯಿಲ್ಲ, ತೊಗಲು ಲೋಳೆಲೋಳೆ, ವಾಸವೆಲ್ಲ ನೀರಿನಲ್ಲಿ. ಮೃಗಾಲಯದ ಸರೀಸೃಪ ತಜ್ಞ ಎಡ್ವರ್ಡ್ ಜಾರ್ಜ್ ಬೌಲೆಂಜರ್ 1924ರಲ್ಲಿ ಇದನ್ನು ಹೊಸ ಪ್ರಭೇದವೆಂದು ಸಾರಿ 'ಸ್ಲಿಗೋಯಿ' ಎಂಬ ಹೆಸರಿಟ್ಟರು. ಉಳಿದ ವಿದ್ವಾಂಸರಿಗೆ ಇದು ಹಿಡಿಸಲಿಲ್ಲ. ಚೀನಾದ ದೈತ್ಯ ಸಾಲಮಾಂಡರ್ ಎಂಬುದು ಒಂದೇ ಪ್ರಭೇದ, ಅದಕ್ಕೆ ಹಳೆಯ ಹೆಸರೇ ಸಾಕು ಎಂದರು. ಮೃಗಾಲಯದಲ್ಲಿ ಸುಮಾರು 20 ವರ್ಷ ಬಾಳಿದ ಆ ಪ್ರಾಣಿ ಸತ್ತ ಮೇಲೆ ವಸ್ತುಸಂಗ್ರಹಾಲಯ ಸೇರಿತು. ಬೌಲೆಂಜರ್ ಇಟ್ಟ ಹೆಸರನ್ನೂ ಲೋಕ ಮರೆಯಿತು.

ಸಾಲಮಾಂಡರ್ ಹಲ್ಲಿಯ ನೆಂಟನಲ್ಲ, ಕಪ್ಪೆಯ ನೆಂಟ. ನೀರು ನೆಲ ಎರಡಕ್ಕೂ ಸಲ್ಲುವ ಉಭಯವಾಸಿಗಳ ಗುಂಪಿಗೆ ಸೇರಿದ್ದು. ಕನ್ನಡ ನಾಡಿನ ಹೊಳೆ ಹಳ್ಳಗಳಲ್ಲಿ ಇದು ಇಲ್ಲ. ಭಾರತದಲ್ಲಿ ಕಾಣಬೇಕೆಂದರೆ ಡಾರ್ಜಿಲಿಂಗ್ ಅಥವಾ ಈಶಾನ್ಯದ ಗುಡ್ಡಗಳಿಗೆ ಹೋಗಬೇಕು. ಡಾರ್ಜಿಲಿಂಗ್‌ನ ಕೊಳಗಳಲ್ಲಿರುವ ಗೇಣುದ್ದದ ಸಾಲಮಾಂಡರಿನ ಗುರುತಿನಲ್ಲೂ ಗೊಂದಲವಿತ್ತು. ಬಹಳ ಕಾಲ ಬೇರೆ ಪ್ರಭೇದದ ಲೆಕ್ಕದಲ್ಲಿದ್ದ ಅದಕ್ಕೆ 'ಹಿಮಾಲಯನಸ್' ಎಂಬ ಸ್ವಂತ ಹೆಸರು ದೊರೆತದ್ದು 2015ರಲ್ಲಿ. ಚೀನಾದ ದೈತ್ಯನಾದರೋ ಮನುಷ್ಯನೆತ್ತರಕ್ಕೆ, ಅಂದರೆ 1.8 ಮೀಟರ್‌ವರೆಗೆ ಬೆಳೆಯಬಲ್ಲದು. ಮಗುವಿನಂತೆ ಅಳುತ್ತದೆಂದು ಚೀನೀಯರು ಅದನ್ನು 'ಕೂಸು ಮೀನು' ಎಂದೇ ಕರೆಯುತ್ತಾರೆ.

ಈ ಕುಲದ ವಿಷಯದಲ್ಲಿ ಗುರುತು ತಪ್ಪುವುದು ಹೊಸತೇನಲ್ಲ. ಸ್ವಿಟ್ಜರ್ಲೆಂಡಿನ ಯೋಹಾನ್ ಯಾಕೋಬ್ ಷಾಯ್ಷ್‌ಸರ್ ಎಂಬ ಪಂಡಿತ 1726ರಲ್ಲಿ ಒಂದು ಪಳೆಯುಳಿಕೆ ಸಿಕ್ಕಾಗ, ಇದು ಬೈಬಲಿನ ಮಹಾಪ್ರಳಯದಲ್ಲಿ ಮುಳುಗಿ ಸತ್ತ ಪಾಪಿ ಮನುಷ್ಯನ ಅಸ್ಥಿಪಂಜರವೆಂದು ಬರೆದಿದ್ದ. ಸುಮಾರು 85 ವರ್ಷಗಳ ನಂತರ ಫ್ರಾನ್ಸಿನ ಕ್ಯುವಿಯೆ ಕಲ್ಲನ್ನು ಇನ್ನಷ್ಟು ಕೆತ್ತಿಸಿ ನೋಡಿ, ಇದು ಸಾಲಮಾಂಡರ್ ಎಂದು ತೋರಿಸಿಕೊಟ್ಟ. ದೈತ್ಯ ಸಾಲಮಾಂಡರುಗಳ ಕುಲನಾಮ 'ಆಂಡ್ರಿಯಾಸ್' ಎಂಬುದರ ಅರ್ಥ ಮನುಷ್ಯನ ಪ್ರತಿಮೆ. ತಪ್ಪು ಹೋಯಿತು, ಹೆಸರು ಉಳಿಯಿತು.

ಸಾಕುವವನಿಗೆ ಗುರುತು ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ತಂಪಾದ, ಹರಿಯುವ, ಶುದ್ಧ ನೀರು ಬೇಕು. ಈ ಪ್ರಾಣಿ ಹೆಚ್ಚಾಗಿ ಉಸಿರಾಡುವುದೇ ತೊಗಲಿನಿಂದ. ಅಡಗಲು ಕತ್ತಲ ಪೊಟರೆ ಬೇಕು, ತಿನ್ನಲು ಮೀನು, ಏಡಿ ಬೇಕು. ಇಷ್ಟಿದ್ದರೆ ಹತ್ತಾರು ವರ್ಷ ಬಾಳುತ್ತದೆ. ಫಿಲಿಪ್ ಫಾನ್ ಸೀಬೋಲ್ಡ್ ಎಂಬ ವೈದ್ಯ ಜಪಾನಿನಿಂದ ಹಾಲೆಂಡಿಗೆ ಒಯ್ದ ಒಂದು ದೈತ್ಯ ಸಾಲಮಾಂಡರ್ ಅರ್ಧ ಶತಮಾನ ಬದುಕಿ 1881ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸತ್ತಿತು. ಕೇವಲ ಬದುಕಿಸುವುದಕ್ಕೆ ಹೆಸರೇನೂ ಬೇಡ. ತೊಡಕು ಬರುವುದು ಮರಿ ಮಾಡಿಸುವಾಗ, ಆ ಮರಿಗಳನ್ನು ಹೊಳೆಗೆ ಬಿಡುವಾಗ.

ಚೀನಾದಲ್ಲಿ ಆದದ್ದು ಇದೇ. ಈ ಪ್ರಾಣಿಯ ಮಾಂಸ ಅಲ್ಲಿ ಶ್ರೀಮಂತರ ಭಕ್ಷ್ಯ. ಅದಕ್ಕಾಗಿ ಸಾಕಣೆ ಕೇಂದ್ರಗಳು ಹುಟ್ಟಿದವು, ಅಲ್ಲಿ ಲಕ್ಷಗಟ್ಟಲೆ ಪ್ರಾಣಿಗಳು ಬೆಳೆದವು. ತಾಯಿ ತಂದೆ ಯಾವ ನದಿಯವು ಎಂದು ಕೇಳಿದವರಿಲ್ಲ. ಎಲ್ಲ ಒಂದೇ ಪ್ರಭೇದವೆಂದ ಮೇಲೆ ಕೇಳುವ ಅಗತ್ಯವಾದರೂ ಎಲ್ಲಿತ್ತು? ಕಾಡಿನಲ್ಲಿ ಸಂತತಿ ಕುಸಿದಾಗ ಸರ್ಕಾರವೇ ಸಾಕಿದ ಮರಿಗಳನ್ನು ನದಿಗಳಿಗೆ ಬಿಡಲು ಪ್ರೋತ್ಸಾಹ ಕೊಟ್ಟಿತು. ಉದ್ದೇಶ ಒಳ್ಳೆಯದೇ.

ಆದರೆ 2018ರಲ್ಲಿ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಹೊರಬಂತು. ಒಂದೇ ಎಂದುಕೊಂಡಿದ್ದ ಪ್ರಭೇದದೊಳಗೆ ಕನಿಷ್ಠ ಐದು ಬೇರೆ ಬೇರೆ ವಂಶಗಳಿದ್ದವು. ಬೆಟ್ಟಸಾಲುಗಳು ನದಿಗಳನ್ನು ಬೇರ್ಪಡಿಸಿದ್ದರಿಂದ ಇವು ಲಕ್ಷಾಂತರ ವರ್ಷಗಳಿಂದ ತಮ್ಮ ತಮ್ಮ ಹೊಳೆಗಳಲ್ಲಿ ಪ್ರತ್ಯೇಕವಾಗಿ ಬೆಳೆದಿದ್ದವು. ಹೊರನೋಟಕ್ಕೆ ಮಾತ್ರ ಎಲ್ಲವೂ ಅದೇ ಚಪ್ಪಟೆ ತಲೆ, ಅದೇ ಸಣ್ಣ ಕಣ್ಣು, ಅದೇ ಮಾಸಲು ಬಣ್ಣ. ಸಾಕಣೆ ಕೇಂದ್ರಗಳಲ್ಲಿ ಈ ವಂಶಗಳು ಆಗಲೇ ಬೆರೆತುಹೋಗಿದ್ದವು. ಒಂದು ನದಿಯದನ್ನು ಇನ್ನೊಂದು ನದಿಗೆ ಬಿಟ್ಟು ಸ್ಥಳೀಯ ವಂಶವನ್ನೇ ಅಳಿಸುವ ಕೆಲಸಕ್ಕೆ ಸಂರಕ್ಷಣೆ ಎಂದು ಹೆಸರಿಟ್ಟಂತಾಗಿತ್ತು. ಅದೇ ವರ್ಷ ಪ್ರಕಟವಾದ ಇನ್ನೊಂದು ವರದಿಯ ಪ್ರಕಾರ, ಚೀನಾದ 97 ಕಡೆ ಹುಡುಕಿದವರಿಗೆ ಕಂಡದ್ದು ನಾಲ್ಕು ಕಡೆ ಒಟ್ಟು 24 ಸಾಲಮಾಂಡರ್. ಅವೂ ಸಾಕಣೆಯಿಂದ ಬಂದವೇ ಇರಬಹುದೆಂಬ ಅನುಮಾನ.

ಮರುವರ್ಷ ಸ್ಯಾಮ್ಯುಯೆಲ್ ಟರ್ವೆ ಮತ್ತು ಸಂಗಡಿಗರು ವಸ್ತುಸಂಗ್ರಹಾಲಯಗಳ ಹಳೆಯ ಮಾದರಿಗಳಿಂದ ಡಿಎನ್‌ಎ ತೆಗೆದು ನೋಡಿದರು. ಬೌಲೆಂಜರ್ ಹೇಳಿದ್ದು ಸರಿಯಾಗಿತ್ತು. ದಕ್ಷಿಣ ಚೀನಾದ 'ಸ್ಲಿಗೋಯಿ' ಬೇರೆಯೇ ಪ್ರಭೇದ. 95 ವರ್ಷಗಳ ಬಳಿಕ ಹೆಸರು ಮರಳಿ ಬಂತು. 2022ರಲ್ಲಿ ಜಿಯಾಂಗ್‌ಷಿ ಪ್ರಾಂತದ ಕಾಡಿನ ತೊರೆಗಳಲ್ಲಿ ಬೆರಕೆಯಾಗದೆ ಉಳಿದಿದ್ದ ಮತ್ತೊಂದು ವಂಶಕ್ಕೂ ಪ್ರತ್ಯೇಕ ಹೆಸರು ದೊರೆಯಿತು. ಸ್ಲಿಗೋಯಿ ಮಾತ್ರ ಚೀನಾದಲ್ಲಿ ಅಳಿವಿನಂಚಿಗೆ ಸರಿದಿತ್ತು.

ಇನ್ನು ಜಪಾನಿನ ಕಥೆ. ಅಲ್ಲಿ ಸ್ವಂತದ ದೈತ್ಯ ಸಾಲಮಾಂಡರ್ ಇದೆ. 1952ರಿಂದ ಅದಕ್ಕೆ 'ವಿಶೇಷ ನೈಸರ್ಗಿಕ ಸ್ಮಾರಕ'ದ ರಕ್ಷಣೆ. ಆದರೆ 1972ರಲ್ಲಿ ಮಾಂಸಕ್ಕೆಂದು ಚೀನಾದ ಸಾಲಮಾಂಡರುಗಳನ್ನು ತರಿಸಿಕೊಂಡಿದ್ದರು. ಹೊರದೇಶದ ಸಾಲಮಾಂಡರುಗಳು ಕ್ಯೋಟೊದ ಕಾಮೊ ನದಿ ಸೇರಿ ಸ್ಥಳೀಯ ಪ್ರಾಣಿಯೊಡನೆ ಕೂಡಿ ಸಂಕರ ಮರಿಗಳಾದವು. ಕಣ್ಣಳತೆಯಿಂದ ಅಸಲಿ ಯಾವುದು, ಬೆರಕೆ ಯಾವುದು ಎನ್ನುವುದು ಕಷ್ಟ. ಹಾಗಾಗಿ ಹಿಡಿದ ಪ್ರಾಣಿಗಳ ಡಿಎನ್‌ಎ ಪರೀಕ್ಷಿಸಿ, ಸಂಕರಗಳನ್ನು ನದಿಗೆ ಬಿಡದೆ ತೊಟ್ಟಿಗಳಲ್ಲಿ ಇಡಬೇಕಾಯಿತು.

ಇಂಥದೇ ಪರೀಕ್ಷೆಯಲ್ಲಿ ಯಾರೂ ನಿರೀಕ್ಷಿಸದ ಸುದ್ದಿ ಸಿಕ್ಕಿತು. ಕ್ಯೋಟೊ ವಿಶ್ವವಿದ್ಯಾಲಯದ ಕಾಂತೊ ನಿಶಿಕಾವಾ ಮತ್ತು ಸಂಗಡಿಗರು 73 ಮಾದರಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನಾಲ್ಕು ಸ್ಲಿಗೋಯಿಗಳಿದ್ದವು. ತವರಿನಲ್ಲಿ ಹುಡುಕಿದರೂ ಸಿಗದ ಪ್ರಾಣಿ ಪರದೇಶದ ತೊಟ್ಟಿಯಲ್ಲಿ, 'ಚೀನಾ ಸಾಲಮಾಂಡರ್' ಎಂಬ ಸಾಮಾನ್ಯ ಹೆಸರಿನಡಿ ಬದುಕಿತ್ತು. ಜಪಾನಿನಲ್ಲಿ ಈ ಪ್ರಾಣಿಗಳ ಸಾಕಣೆಗೆ ಪಳಗಿದ ಕೈಗಳಿವೆ. ಹಿರೋಷಿಮಾದ ಅಸಾ ಮೃಗಾಲಯದವರು ತಮ್ಮ ನಾಡಿನ ದೈತ್ಯ ಸಾಲಮಾಂಡರನ್ನು 1979ರಷ್ಟು ಹಿಂದೆಯೇ ಮರಿ ಮಾಡಿಸಿದ್ದರು. ಆ ಅನುಭವ ಸ್ಲಿಗೋಯಿಗೂ ಒದಗೀತೆಂದು ಸಂಶೋಧಕರ ಆಸೆ.

ಆದರೆ ಪತ್ತೆಯಾದ ನಾಲ್ಕರಲ್ಲಿ ಎರಡು ಆಗಲೇ ಸತ್ತಿದ್ದವು. ಬದುಕಿದ್ದ ಎರಡೂ ಗಂಡು.